ಖಾಲಿ ಹಾಳೆಗೆ ಹಾಕಿದ ಸಹಿ

ಪರದೇಶಕ್ಕೆ ಹೊರಟವರ ಮನೆಯಲ್ಲಿ ಮೊದಲು ಗಲಾಟೆ ಏಳುವುದು ಪೆಟ್ಟಿಗೆಯ ತೂಕದ ಮೇಲೆ. ಇದನ್ನು ತೆಗಿ, ಅದನ್ನು ಇಡು, ಇನ್ನೊಂದು ಸ್ವೆಟರ್ ಇರಲಿ ಎಂದು ನಾಲ್ಕು ಜನ ನಾಲ್ಕು ಮಾತಾಡುತ್ತಾರೆ. ಟೈಲರಮ್ಮನ ಮನೆಯಲ್ಲಿ ಆ ಗಲಾಟೆ ಇರಲಿಲ್ಲ. ಪೆಟ್ಟಿಗೆ ತುಂಬುವವಳೂ ಅವಳೇ, ಅತಿಯಾಯಿತು ಎಂದು ಬೈಯುವವಳೂ ಅವಳೇ, ಬೈಸಿಕೊಳ್ಳುವವಳೂ ಅವಳೇ.

ಹಳೆಯ ಕಟ್ಟಡದ ಮೊದಲ ಮಹಡಿಯಲ್ಲಿ ಎರಡು ಕೋಣೆ. ಮುಂದಿನ ಕೋಣೆಯಲ್ಲಿ ಹೊಲಿಗೆ ಅಂಗಡಿ, ಹಿಂದಿನದರಲ್ಲಿ ವಾಸ. ಅಮ್ಮ ಬಿಟ್ಟುಹೋದ ಆಸ್ತಿ ಅಂದರೆ ಇಷ್ಟೇ. ಅಮ್ಮ ತೀರಿಕೊಂಡು ವರ್ಷವಾಗಿತ್ತು, ಇದ್ದ ಒಬ್ಬ ಅಣ್ಣ ಅದಕ್ಕೂ ಮುಂಚೆಯೇ ಹೋಗಿದ್ದ. ನಾಟಕದ ಉಡುಪು ಹೊಲಿಯುವುದನ್ನು ಕಲಿಸುವ ಪರದೇಶದ ಕಾಲೇಜೊಂದರಲ್ಲಿ ಟೈಲರಮ್ಮನಿಗೆ ಈಗ ಎರಡು ವರ್ಷದ ಸೀಟು ಸಿಕ್ಕಿತ್ತು. ನಲವತ್ತು ದಾಟಿದ ಮೇಲೆ ಇದೆಂಥ ಓದು ಎಂದು ನಕ್ಕವರಿಗೆ ಅವಳೂ ನಕ್ಕು ಉತ್ತರ ಕೊಟ್ಟಿದ್ದಳು. ಒಳಗೊಳಗೆ ಮಾತ್ರ ಭಯವಿತ್ತು. ಓದು ಮುಗಿದ ಮೇಲೆ ಅವಳು ತಿರುಗಿ ಬರಬೇಕಾದ ಜಾಗ ಅಂದರೆ ಈ ಎರಡು ಕೋಣೆ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇರಲಿಲ್ಲ.

ಹೊರಡಲು ಎರಡು ವಾರ ಉಳಿದಿದ್ದಾಗ ವಕೀಲಮ್ಮ ಬಂದರು. ಅವರು ಅವಳ ಹಳೆಯ ಗಿರಾಕಿ. ಕೋರ್ಟಿಗೆ ಹಾಕುವ ಕಪ್ಪು ಕೋಟು ಬಿಗಿಯಾಗಿತ್ತು, ಸಡಿಲ ಮಾಡಿಸಬೇಕಿತ್ತು. ಟೈಲರಮ್ಮ ಅವರನ್ನು ಕನ್ನಡಿಯ ಮುಂದೆ ನಿಲ್ಲಿಸಿ, ಬಾಯಲ್ಲಿ ಪಿನ್ ಕಚ್ಚಿಕೊಂಡು ಬೆನ್ನಿನ ಹೊಲಿಗೆ ಬಿಚ್ಚತೊಡಗಿದಳು.

"ಮನೆ ಯಾರಿಗೆ ವಹಿಸಿ ಹೋಗ್ತಿದ್ದೀರಿ?" ಎಂದರು ವಕೀಲಮ್ಮ.

"ಮೇಲಿನ ಮನೆ ಆಗ್ಲಿಬಿಡಿ ಮಾಮ ಇದ್ದಾರಲ್ಲ."

ಆಗ್ಲಿಬಿಡಿ ಮಾಮನ ಬಗ್ಗೆ ಒಂದು ಮಾತು ಹೇಳಬೇಕು. ನಿವೃತ್ತರಾದ ಮೇಷ್ಟ್ರು, ಚಿನ್ನದಂಥ ಮನುಷ್ಯ, ಇನ್ನೊಬ್ಬರ ಕಾಸಿಗೆ ಕೈಚಾಚಿದವರಲ್ಲ. ಆದರೆ ಯಾರು ಏನು ಕೇಳಿದರೂ ಅವರ ಬಾಯಿಂದ ಬರುವುದು ಒಂದೇ ಮಾತು, "ಆಗ್ಲಿ ಬಿಡಿ." ಚಂದಾ ಕೇಳಲು ಬಂದವರಿಗೂ ಅದೇ, ಎದುರು ಪಕ್ಷದ ಚಂದಾದವರಿಗೂ ಅದೇ. ಅವರ ನಿಜವಾದ ಹೆಸರು ಆ ಕಟ್ಟಡದಲ್ಲಿ ಯಾರಿಗೂ ನೆನಪಿರಲಿಲ್ಲ.

"ಅವರಿಗೆ ಏನಂತ ಬರೆದು ಕೊಟ್ಟಿದ್ದೀರಿ?"

"ಬರೆಯೋದೇನು ಬಂತು? ಮೂರು ಹಾಳೆಗೆ ಕೆಳಗಡೆ ಸಹಿ ಹಾಕಿ ಕೊಟ್ಟಿದ್ದೀನಿ. ಬೇಕಾದಾಗ ಬೇಕಾದ್ದು ಬರ್ಕೊಳ್ಳಿ ಅಂತ."

ವಕೀಲಮ್ಮ ಗಕ್ಕನೆ ಹಿಂದಕ್ಕೆ ತಿರುಗಿದರು.

"ಅಯ್ಯೋ, ಅಲ್ಲಾಡಬೇಡಿ! ಪಿನ್ ಚುಚ್ಚುತ್ತೆ."

"ಚುಚ್ಚಲಿ. ಖಾಲಿ ಹಾಳೆಗೆ ಸಹಿ ಹಾಕಿ ಕೊಟ್ಟಿರಾ? ಅಲ್ರೀ, ನನ್ನ ಅಳತೆ ತಗೊಳ್ಳದೆ ನೀವು ಬಟ್ಟೆಗೆ ಕತ್ತರಿ ಹಾಕ್ತೀರಾ?"

"ನನಗೇನು ತಲೆ ಕೆಟ್ಟಿದೆಯಾ?"

"ಮತ್ತೆ ಮನೆಗೆ ಯಾಕೆ ಹಾಕಿದ್ರಿ?"

ಟೈಲರಮ್ಮನಿಗೆ ಸಿಟ್ಟು ಬಂತು. "ನೀವು ವಕೀಲರು ಎಲ್ಲದರಲ್ಲೂ ಮೋಸವನ್ನೇ ನೋಡ್ತೀರಿ. ಮಾಮ ಅಂಥವರಲ್ಲ."

"ಮಾಮ ಒಳ್ಳೆಯವರೇ. ಮಾಮನ ಹತ್ತಿರ ಬಂದು ಕೇಳೋರು ಎಲ್ಲರೂ ಒಳ್ಳೆಯವರಾ? ಹೋಗಿ ಮೊದಲು ಆ ಹಾಳೆ ವಾಪಸ್ ತನ್ನಿ. ನಾನು ಹೀಗೇ ನಿಂತಿರ್ತೀನಿ."

ಟೈಲರಮ್ಮ ಗೊಣಗುತ್ತಲೇ ಮೇಲೆ ಹತ್ತಿದಳು. ಮಾಮ ಕಪಾಟು ತೆಗೆದು ಹಾಳೆಗಳನ್ನು ಕೊಟ್ಟರು. ಎರಡೇ ಇದ್ದವು.

"ಇನ್ನೊಂದು?"

"ಮೊನ್ನೆ ಮನೆ ದಳ್ಳಾಳಿ ಬಂದಿದ್ದನಮ್ಮ. ಬಾಡಿಗೆಗೆ ಒಳ್ಳೆ ಜನ ಇದ್ದಾರೆ, ಒಂದು ಸಹಿ ಬೇಕು ಅಂದ. ನೀನು ಹೇಗೂ ಬಾಡಿಗೆಗೆ ಕೊಡಬೇಕು ಅಂತಿದ್ದೆಯಲ್ಲ. ಆಗ್ಲಿ ಬಿಡಿ ಅಂತ ಕೊಟ್ಟೆ."

ಮೆಟ್ಟಿಲು ಹೇಗೆ ಇಳಿದಳೋ ಅವಳಿಗೇ ತಿಳಿಯದು.

ದಳ್ಳಾಳಿಯ ಕಚೇರಿ ಎರಡು ಬೀದಿಯಾಚೆ ಇತ್ತು. ವಕೀಲಮ್ಮ ಬೆನ್ನು ಬಿಚ್ಚಿದ ಕೋಟಿನಲ್ಲೇ ಬಂದರು. ಅವನ ಮೇಜಿನ ಮೇಲೆ ಆ ಹಾಳೆ ಇತ್ತು. ಈಗ ಅದು ಖಾಲಿ ಇರಲಿಲ್ಲ. ಎರಡೂ ಕೋಣೆಯನ್ನು ಬಣ್ಣದ ಡಬ್ಬಗಳ ಗೋದಾಮಿಗಾಗಿ ಹತ್ತು ವರ್ಷಕ್ಕೆ ಕೊಟ್ಟಿರುವುದಾಗಿ, ನಡುವಿನ ಗೋಡೆ ಒಡೆಯಲು ಒಪ್ಪಿರುವುದಾಗಿ ಅಚ್ಚುಕಟ್ಟಾಗಿ ಟೈಪಾಗಿತ್ತು. ಕೆಳಗೆ ಅವಳದೇ ಗುಂಡು ಗುಂಡಾದ ಸಹಿ.

"ಯಾರನ್ನು ಕೇಳಿ ಇದನ್ನ ಬರೆದಿರಿ?" ಎಂದಳು ಟೈಲರಮ್ಮ.

ದಳ್ಳಾಳಿ ಒಂಚೂರೂ ಅಳುಕಲಿಲ್ಲ. "ಖಾಲಿ ಬಿಟ್ಟವರು ನೀವು, ತುಂಬಿಸಿದವನು ನಾನು. ಇದರಲ್ಲಿ ನನ್ನ ತಪ್ಪೇನು ಬಂತು?"

ವಕೀಲಮ್ಮ ಅವನಿಗೆ ತಪ್ಪೇನು ಎಂದು ವಿವರವಾಗಿ ಹೇಳಿದರು. ಆ ಮಾತುಗಳನ್ನು ಇಲ್ಲಿ ಬರೆಯುವುದು ಬೇಡ. ಗೋದಾಮಿನವನು ಇನ್ನೂ ಸಹಿ ಹಾಕಿರಲಿಲ್ಲವಾದ್ದರಿಂದ ಹಾಳೆ ಕೈಗೆ ಬಂತು. ಟೈಲರಮ್ಮ ಅದನ್ನೂ ಮಾಮ ಕೊಟ್ಟ ಎರಡು ಹಾಳೆಗಳನ್ನೂ ಅಲ್ಲೇ ಹರಿದು ಚೂರುಚೂರು ಮಾಡಿದಳು. ಇದೇ ಸಂಗತಿ ಅವಳು ಹೊರಟ ಮೇಲೆ ನಡೆದಿದ್ದರೆ, ಅಮ್ಮ ಮಲಗುತ್ತಿದ್ದ ಕೋಣೆಯಲ್ಲಿ ಬಣ್ಣದ ಡಬ್ಬಗಳು ಕೂತಿರುತ್ತಿದ್ದವು, ಅವಳಿಗೆ ಸುದ್ದಿಯೂ ಮುಟ್ಟುತ್ತಿರಲಿಲ್ಲ.

ವಕೀಲಮ್ಮನ ಕಚೇರಿಯಲ್ಲಿ ಕೂತು ನೀರು ಕುಡಿದ ಮೇಲೆ ಅವಳು ಕೇಳಿದಳು. "ಈಗ ಏನು ಮಾಡ್ಲಿ? ಬೀಗ ಜಡಿದು ಹೋಗಿಬಿಡ್ತೀನಿ."

"ಎರಡು ವರ್ಷ ತೆರಿಗೆ ಯಾರು ಕಟ್ತಾರೆ? ನಲ್ಲಿ ಒಡೆದರೆ? ಕಟ್ಟಡದ ಸಂಘದವರು ಸಹಿ ಕೇಳಿದರೆ? ಒಂದು ಪವರ್ ಆಫ್ ಅಟಾರ್ನಿ ಮಾಡಿಸಿ."

"ಅದೂ ಒಂದು ಸಹಿ ತಾನೆ? ಆ ಹಾಳೇಲಿ ಹಾಕಿದ್ದೂ ಸಹಿಯೇ, ಇದರಲ್ಲಿ ಹಾಕೋದೂ ಸಹಿಯೇ."

"ಅದು ಹೇಗಾಗುತ್ತೆ? ಇದರಲ್ಲಿ ಮೊದಲು ಬರೆಯೋದು, ಆಮೇಲೆ ಸಹಿ. ನಿಮ್ಮ ಪರವಾಗಿ ಯಾರು, ಏನೇನು ಮಾಡಬಹುದು, ಎಲ್ಲಿಯ ತನಕ, ಎಲ್ಲ ಬಿಡಿಸಿ ಬರೀತೀವಿ. ತೆರಿಗೆ ಕಟ್ಟೋದು, ರಿಪೇರಿ ಮಾಡಿಸೋದು, ವರ್ಷದ ಬಾಡಿಗೆ ಕರಾರಿಗೆ ಸಹಿ ಹಾಕೋದು, ಇಷ್ಟು ಸಾಕಾದರೆ ಇಷ್ಟೇ. ಮಾರೋ ಹಾಗಿಲ್ಲ, ಅಡ ಇಡೋ ಹಾಗಿಲ್ಲ ಅಂತಲೂ ಬರೀತೀವಿ. ಬೇಡ ಅನ್ನಿಸಿದ ದಿನ ಬರೆದು ತಿಳಿಸಿ ರದ್ದು ಮಾಡಬಹುದು."

"ಅಲ್ಲಿಗೆ ಹೋದ ಮೇಲೆ ಕಳಿಸಿದರೆ ಆಗಲ್ವಾ? ಇಲ್ಲಿ ಕೈತುಂಬ ಕೆಲಸ ಇದೆ."

"ಆಗುತ್ತೆ. ಆದರೆ ಅಲ್ಲಿ ನಮ್ಮ ದೇಶದ ರಾಯಭಾರ ಕಚೇರಿ ಯಾವ ಊರಲ್ಲಿದೆಯೋ ಅಲ್ಲಿಗೆ ಹೋಗಬೇಕು, ಅವರ ಮುಂದೆ ಸಹಿ ಹಾಕಬೇಕು, ಮೂಲ ಪ್ರತಿ ಇಲ್ಲಿಗೆ ಬರಬೇಕು, ಇಲ್ಲಿ ಮುದ್ರೆ ಬೀಳಬೇಕು. ಅಷ್ಟರಲ್ಲಿ ನಿಮ್ಮ ನಲ್ಲಿ ಸೋರಿ ಸೋರಿ ಕೆಳಗಿನ ಮನೆಯವರು ಈಜಾಡ್ತಿರ್ತಾರೆ."

ಟೈಲರಮ್ಮ ನಕ್ಕಳು. ವಕೀಲಮ್ಮ ಕರಡು ಬರೆಯಲು ಪೆನ್ನು ತೆಗೆದುಕೊಂಡರು. "ಸರಿ, ಯಾರ ಹೆಸರು ಬರೀಲಿ?"

ಅವಳ ನಗು ನಿಂತುಹೋಯಿತು. "ನನಗೆ ಯಾರೂ ಇಲ್ಲ ಕಣ್ರೀ," ಎಂದಳು. "ನಿಮ್ಮ ಹೆಸರೇ ಬರ್ಕೊಳ್ಳಿ."

"ಕಾಗದದ ಕೆಲಸ ನಾನು ಮಾಡ್ತೀನಿ. ಆದರೆ ವಾರಕ್ಕೊಂದು ಸಲ ಹೋಗಿ ಬಾಗಿಲು ತೆಗೆದು ನೋಡೋರು ಬೇಕು. ಮನೆಗೆ ಹೋಗಿ ಯೋಚನೆ ಮಾಡಿ. ಆಗ್ಲಿ ಬಿಡಿ ಅನ್ನೋರು ಬೇಡ. ನಿಮ್ಮ ಹೊಲಿಗೆಯಲ್ಲಿ ತಪ್ಪು ಹುಡುಕಿ ಮುಖಕ್ಕೆ ಹೇಳೋರು ಯಾರಿದ್ದಾರೆ, ಅವರನ್ನು ನೆನಪು ಮಾಡ್ಕೊಳ್ಳಿ."

ಸಂಜೆ ಟೈಲರಮ್ಮ ಒಬ್ಬಳಿಗಾಗುವಷ್ಟು ಅನ್ನ ಇಟ್ಟು, ಫೋನಿನಲ್ಲಿದ್ದ ಹೆಸರುಗಳನ್ನು ಒಂದೊಂದಾಗಿ ನೋಡಿದಳು. ನೀಲಿ ಕೋಟು. ಪರದೆ ಮೇಡಂ. ಜಿಪ್ ಹೋದವರು. ದಪ್ಪ ತೋಳು, ಕೋಪ ಜಾಸ್ತಿ. ಅಷ್ಟು ಹೆಸರಿನಲ್ಲಿ ಒಬ್ಬರ ಮನೆಯ ಬಾಗಿಲನ್ನೂ ಅವಳು ಕಂಡಿರಲಿಲ್ಲ. ಅಮ್ಮ ಇದ್ದಾಗ ಇದು ತಿಳಿದಿರಲಿಲ್ಲ. ಅಮ್ಮನ ಕೆಮ್ಮು, ಅಮ್ಮನ ಬೈಗುಳ, ಅಮ್ಮನ ರೇಡಿಯೋ ಸೇರಿ ಮನೆ ತುಂಬಿರುತ್ತಿತ್ತು. ಈಗ ಅಕ್ಕಿ ಬೇಯುವ ಸದ್ದು ಮಾತ್ರ ಕೇಳುತ್ತಿತ್ತು. ಅವಳಿಗೆ ಅಳು ಬಂತು, ಅತ್ತಳು.

ಹೆಸರುಗಳ ಮೊದಲ ಸಾಲಿನಲ್ಲೇ 'ಅತ್ತಿಗೆ' ಎಂದಿತ್ತು. ಅದನ್ನು ಅವಳು ಬೇಕೆಂದೇ ದಾಟಿಹೋಗಿದ್ದಳು. ಅಣ್ಣನ ಹೆಂಡತಿ, ಬಸ್ ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿ ಕೆಲಸ, ಊರಿನ ಇನ್ನೊಂದು ತುದಿಯಲ್ಲಿ ಒಂಟಿ ವಾಸ. ನಾದಿನಿ ಹೊಲಿದ ಅಂಗಿಯನ್ನು ತೋಳು ಸರಿಯಿಲ್ಲ ಎಂದು ಮೂರು ಸಲ ವಾಪಸ್ ಕಳಿಸಿದ ಹೆಂಗಸು. ಅಮ್ಮನ ಸಾವಿನ ದಿನ ಬಂದು, ಅಡುಗೆಮನೆಯಲ್ಲಿ ನಿಂತು ಪಾತ್ರೆಯೆಲ್ಲ ತೊಳೆದಿಟ್ಟು, ಹೇಳದೆ ಹೊರಟುಹೋಗಿದ್ದರು. ಅಣ್ಣ ಹೋದ ಮೇಲೆ ಇವರಿಗೆ ನಾವು ಬೇಡವಾದೆವು ಎಂದುಕೊಂಡು ಟೈಲರಮ್ಮ ಅವತ್ತಿನಿಂದ ಫೋನ್ ಮಾಡಿರಲಿಲ್ಲ.

ಮಾರನೆಯ ದಿನ ಅವಳೇ ಹೋಗಿ ಬಾಗಿಲು ತಟ್ಟಿದಳು.

ಅತ್ತಿಗೆ ಬಾಗಿಲು ತೆರೆದು ಅಡಿಯಿಂದ ಮುಡಿಯವರೆಗೆ ನೋಡಿದರು. "ದಾರಿ ತಪ್ಪಿ ಬಂದೆಯಾ?"

"ಒಂದು ಕೆಲಸ ಇತ್ತು ಅತ್ತಿಗೆ."

"ಗೊತ್ತಾಯ್ತು. ಕೆಲಸ ಇಲ್ಲದೆ ನೀನ್ಯಾಕೆ ಬರ್ತೀಯ. ಒಳಗೆ ಬಾ."

ಟೈಲರಮ್ಮ ಎಲ್ಲವನ್ನೂ ಹೇಳಿದಳು. ವಕೀಲಮ್ಮ ಹೆಸರೊಂದನ್ನು ಬಿಟ್ಟು ಬರೆದುಕೊಟ್ಟಿದ್ದ ಕರಡನ್ನು ಅತ್ತಿಗೆ ಕೈಗೆ ತೆಗೆದುಕೊಂಡು, ಕನ್ನಡಕ ಹಾಕಿಕೊಂಡು, ಮೊದಲ ಅಕ್ಷರದಿಂದ ಓದಿದರು. ಆಮೇಲೆ ಶುರುವಾಯಿತು.

"ರಿಪೇರಿ ಅಂತ ಬರೆದಿದೆ. ಎಂಥ ರಿಪೇರಿ? ಗೋಡೆ ಕೆಡವೋದೂ ರಿಪೇರಿನಾ? ನನಗೆ ಹುಷಾರಿಲ್ಲದೆ ಹೋದರೆ ಯಾರು? ಬಾಡಿಗೆ ನಿನ್ನ ಬ್ಯಾಂಕ್ ಖಾತೆಗೇ ನೇರ ಹೋಗಲಿ ಅಂತ ಬರಿ, ನನ್ನ ಕೈಗೆ ಬೇಡ. ನಾಳೆ ನೀನು ಬಂದು ಲೆಕ್ಕ ಕೇಳೋದು, ನನ್ನ ಮುಖ ಸಣ್ಣದಾಗೋದು, ಅದೆಲ್ಲ ಆಗಬಾರದು."

"ನಾನು ಹಾಗೆ ಕೇಳ್ತೀನಾ ಅತ್ತಿಗೆ?"

"ಕೇಳಬೇಕು. ಕೇಳದೆ ಬಿಟ್ಟರೆ ನನಗೆ ಸಿಟ್ಟು ಬರುತ್ತೆ." ಅತ್ತಿಗೆ ಕನ್ನಡಕ ತೆಗೆದು ಕೇಳಿದರು. "ಅಲ್ಲ, ಒಂದು ವರ್ಷ ಯಾಕೆ ಫೋನ್ ಮಾಡಲಿಲ್ಲ?"

"ನಿಮಗೆ ನಾವು ಬೇಡ ಅಂದ್ಕೊಂಡೆ."

"ನಾನೂ ಅದನ್ನೇ ಅಂದ್ಕೊಂಡೆ," ಎಂದರು ಅತ್ತಿಗೆ. ಕನ್ನಡಕ ಮತ್ತೆ ಹಾಕಿಕೊಂಡು ಕರಡಿನಲ್ಲಿ ತಮ್ಮ ಹೆಸರನ್ನು ತಾವೇ ಬರೆದರು.

ಆ ವಾರವೇ ಇಬ್ಬರೂ ಗುರುತಿನ ಚೀಟಿ ಹಿಡಿದು ನೋಂದಣಿ ಕಚೇರಿಗೆ ಹೋದರು. ಅತ್ತಿಗೆ ಹೇಳಿದ ತಿದ್ದುಪಡಿಗಳೆಲ್ಲ ಪತ್ರದಲ್ಲಿ ಸೇರಿದ್ದವು. ವಕೀಲಮ್ಮ ಮತ್ತು ಆಗ್ಲಿಬಿಡಿ ಮಾಮ ಸಾಕ್ಷಿ ಹಾಕಿದರು. ಸಾಕ್ಷಿಗೆ ಮಾಮನನ್ನು ಕರೆದಾಗ ಅವರು ಏನಂದರು ಎಂದು ನೀವೇ ಊಹಿಸಿ. ಮೂಲ ಪ್ರತಿ ಅತ್ತಿಗೆಗೆ, ಒಂದು ನಕಲು ಟೈಲರಮ್ಮನಿಗೆ, ಒಂದು ಬ್ಯಾಂಕಿಗೆ, ಒಂದು ಕಟ್ಟಡದ ಸಂಘಕ್ಕೆ ಹೋಯಿತು.

ಪರದೇಶ ಅವಳು ಎಣಿಸಿದ್ದಕ್ಕಿಂತ ತಣ್ಣಗಿತ್ತು. ತರಗತಿಯಲ್ಲಿ ಎಲ್ಲರೂ ಅವಳಿಗಿಂತ ಅರ್ಧ ವಯಸ್ಸಿನವರು, ಒಳ್ಳೆಯ ಮಕ್ಕಳೇ, ಆದರೆ ಕೆಲಸ ಮುಗಿದೊಡನೆ ಗುಂಪಾಗಿ ಎಲ್ಲೋ ಹೋಗಿಬಿಡುತ್ತಿದ್ದರು. ಅವಳ ಕೋಣೆಯ ಕಿಟಕಿಗೆ ಕಾರು ನಿಲ್ಲಿಸುವ ಜಾಗ ಕಾಣುತ್ತಿತ್ತು, ಮನುಷ್ಯರು ಕಾಣುತ್ತಿರಲಿಲ್ಲ. ಕೆಲವು ದಿನ ಬೆಳಗಿನಿಂದ ಸಂಜೆವರೆಗೆ ಅವಳ ಬಾಯಿಂದ ಒಂದು ಕನ್ನಡದ ಮಾತೂ ಹೊರಡುತ್ತಿರಲಿಲ್ಲ. ಹೊಲಿಗೆ ಯಂತ್ರಕ್ಕೇ ಬೈದು ಮಾತು ಮರೆಯದ ಹಾಗೆ ನೋಡಿಕೊಳ್ಳುತ್ತಿದ್ದಳು.

ಒಂದು ದಿನ ಅತ್ತಿಗೆಯ ಫೋನ್ ಬಂತು. ಬಚ್ಚಲಮನೆಯ ಗೋಡೆಯೊಳಗೆ ಕೊಳವೆ ಒಡೆದಿತ್ತು. ಕೆಳಗಿನ ಮನೆಯ ಚಾವಣಿ ತೊಯ್ದು ಜೋಲುತ್ತಿತ್ತು. ಗೋಡೆ ಒಡೆಯಲು ಮಾಲೀಕರೇ ಬಂದು ಸಹಿ ಹಾಕಬೇಕು, ಇಲ್ಲದಿದ್ದರೆ ಇಡೀ ಮನೆಗೆ ನೀರು ನಿಲ್ಲಿಸುತ್ತೇವೆ ಎಂದು ಸಂಘದ ಕಾರ್ಯದರ್ಶಿ ಕೂತುಬಿಟ್ಟಿದ್ದ.

"ಆಮೇಲೆ?" ಎಂದಳು ಟೈಲರಮ್ಮ.

"ಪತ್ರ ತಗೊಂಡು ಹೋದೆ. ರಿಪೇರಿಗೆ ಸಹಿ ಹಾಕಿದೆ. ಅದರ ಜೊತೆ ಇನ್ನೊಂದು ಹಾಳೆ ತಂದಿದ್ದ, ಬಾಲ್ಕನಿ ಸಂಘಕ್ಕೆ ಬಿಟ್ಟುಕೊಡ್ತೀವಿ ಅಂತ. ಅದಕ್ಕೆ ಹಾಕಲಿಲ್ಲ. ಅಷ್ಟು ಅಧಿಕಾರ ನನಗಿಲ್ಲ, ಅವಳನ್ನೇ ಕೇಳಿ ಅಂದೆ. ಅವನಿಗೆ ಸಿಟ್ಟು ಬಂತು. 'ಅಷ್ಟಕ್ಕೂ ನೀವು ಯಾರಮ್ಮ ಇವರಿಗೆ?' ಅಂದ."

"ನೀವೇನಂದ್ರಿ?"

"ಅವಳು ಇಲ್ಲಿಲ್ಲದಾಗ ಅವಳೇ ನಾನು ಅಂದೆ. ಪತ್ರದಲ್ಲಿ ಹಾಗೇ ತಾನೇ ಇರೋದು?"

ಟೈಲರಮ್ಮ ಮೂಗೊರೆಸಿಕೊಂಡಳು. ಪತ್ರದಲ್ಲಿ ಆ ಮಾತು ಇಷ್ಟು ಚಂದವಾಗಿ ಇರಲಿಲ್ಲ. ಅಮ್ಮ ಹೋದ ಮೇಲೆ ಅವಳಿಲ್ಲದ ಕಡೆ ಅವಳ ಪರವಾಗಿ ಒಬ್ಬರು ಎದ್ದು ನಿಂತಿದ್ದು ಅದೇ ಮೊದಲು.

"ಏನೇ, ಅಳ್ತಿದ್ದೀಯಾ? ಫೋನಿನ ದುಡ್ಡು ದಂಡ. ಊಟ ಆಯ್ತಾ ಹೇಳು," ಎಂದರು ಅತ್ತಿಗೆ.

ಓದಲೆಂದೋ ದುಡಿಯಲೆಂದೋ ದೂರ ದೇಶಕ್ಕೆ ಹೊರಟಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಖಾಲಿ ಹಾಳೆಗೆ ಸಹಿ ಹಾಕಿ ಯಾರ ಕೈಗೂ ಕೊಡಬೇಡಿ, ದೇವರಂಥವರಾದರೂ ಬೇಡ. ಹೊರಡುವ ಮುಂಚೆ ವಕೀಲರನ್ನು ಕಂಡು ಪವರ್ ಆಫ್ ಅಟಾರ್ನಿ ಮಾಡಿಸಿ. ಏನು ಮಾಡಬಹುದು, ಏನು ಕೂಡದು, ಎಲ್ಲಿಯ ತನಕ ಎಂಬುದನ್ನು ಬಿಡಿಸಿ ಬರೆಸಿ. ಕಾನೂನು ಒಂದೊಂದು ಕಡೆ ಒಂದೊಂದು ಥರ ಇರುತ್ತದೆ, ಆದ್ದರಿಂದ ನೋಂದಣಿ, ಸಾಕ್ಷಿ, ರದ್ದು ಮಾಡುವ ಬಗೆಯನ್ನು ಅಲ್ಲೇ ಕೇಳಿ ತಿಳಿದುಕೊಳ್ಳಿ. ನಕಲೊಂದು ನಿಮ್ಮ ಪೆಟ್ಟಿಗೆಯಲ್ಲಿರಲಿ. ಬರೆಸಲು ನನಗೆ ಯಾರ ಹೆಸರೂ ಇಲ್ಲ ಎನ್ನುತ್ತೀರಾ? ಒಂದು ಸಲ ಹೋಗಿ ಬಾಗಿಲು ತಟ್ಟಿ ನೋಡಿ. ಒಳಗಿರುವವರೂ ನಿಮ್ಮ ಹಾಗೆಯೇ ತಮಗೆ ಯಾರೂ ಇಲ್ಲ ಎಂದುಕೊಂಡು ಕೂತಿರಬಹುದು.