ಕೊಂಡಪ್ಪನ ಲಗ್ನಪತ್ರಿಕೆ ಮತ್ತು ಮುನ್ನೂರ ನಲವತ್ತು ಕಾಪಿಗಳು

ಮಂಚೇನಹಳ್ಳಿ ಬಸ್ ನಿಲ್ದಾಣದ ಎದುರಿಗೆ ರಾಧಾಮಣಿಯ ಜೆರಾಕ್ಸ್ ಅಂಗಡಿ. ಬೋರ್ಡಿನ ಮೇಲೆ ಮಾತ್ರ ಜೆರಾಕ್ಸ್. ಒಳಗೆ ಪಹಣಿ, ರೇಷನ್ ಕಾರ್ಡ್ ಅರ್ಜಿ, ಲಗ್ನಪತ್ರಿಕೆ ಎಲ್ಲವೂ ನಡೆಯುತ್ತದೆ. ಅಂಗಡಿಯ ಕಂಪ್ಯೂಟರಿಗೆ ಈಗ ಎಂಟು ವರ್ಷ. ಈ ಎಂಟು ವರ್ಷದಲ್ಲಿ ರಾಧಾಮಣಿ ಅದರಿಂದ ಒಂದೇ ಒಂದು ಫೈಲ್ ಅಳಿಸಿದವಳಲ್ಲ.

"ನಾಳೆ ಯಾರಾದ್ರೂ ಬಂದು ಕೇಳಿದ್ರೆ ಏನ್ಮಾಡ್ಲಿ?" ಎಂಬುದು ಅವಳ ಭಯ.

ಭಯಕ್ಕೆ ಕಾರಣವೂ ಇತ್ತು. ಮದುವೆ ಗೊತ್ತಾದವರೆಲ್ಲ ಬಂದು ಕೇಳುವುದು ಒಂದೇ ಮಾತು: "ದೊಡ್ ಮಗಳದ್ದು ಹೆಂಗಿತ್ತೋ ಹಂಗೇ ಹೊಡ್ಕೊಡಮ್ಮ, ಹೆಸ್ರು ಬದಲಾಯ್ಸು ಸಾಕು." ಸರಿ, ಹಳೆಯ ಪತ್ರಿಕೆಯನ್ನು ಕಾಪಿ ಮಾಡಿ, ಆ ಕಾಪಿಯಲ್ಲಿ ಹೆಸರು ತಿದ್ದುತ್ತಿದ್ದಳು. ಅಷ್ಟರಲ್ಲಿ ಹೆಸರು ಬಿಟ್ಟುಹೋದ ಸೋದರಮಾವ ಒಬ್ಬರು ಫೋನ್ ಮಾಡುತ್ತಿದ್ದರು. ಹಳೆಯದು ಹಾಳಾಗಬಾರದಲ್ಲ, ಕಾಪಿಗೂ ಇನ್ನೊಂದು ಕಾಪಿ. ಹೀಗೆ ಊರಿಗೊಂದು ಫೋಲ್ಡರ್, ಫೋಲ್ಡರ್ ತುಂಬ ಕಾಪಿಗಳು. ಇವುಗಳ ನಡುವೆ ಅರ್ಜಿ ಹಾಕಲು ಬಂದವರ ಆಧಾರ್, ಪಾಸ್‌ಬುಕ್ಕಿನ ಚಿತ್ರಗಳು ಎಲ್ಲೆಂದರಲ್ಲಿ ಬಿದ್ದಿದ್ದವು.

ಅವತ್ತು ಬೆಳಗ್ಗೆ ಕಂಪ್ಯೂಟರ್ ಕೈ ಎತ್ತಿಬಿಟ್ಟಿತು. ಕೊಂಡಪ್ಪನ ಮಗಳ ಲಗ್ನಪತ್ರಿಕೆಯನ್ನು ಪ್ರೆಸ್ಸಿಗೆ ಕಳಿಸಲು ಪಿಡಿಎಫ್ ಮಾಡಹೋದರೆ, ಜಾಗವಿಲ್ಲ ಎಂಬ ಸಂದೇಶ ಬಂತು. ಚಿಂತಾಮಣಿಯ ಪ್ರೆಸ್ಸಿನವರು ನಾಲ್ಕು ಗಂಟೆಯೊಳಗೆ ಬೇಕೇಬೇಕು ಎಂದಿದ್ದರು. ಕೊಂಡಪ್ಪ ಬೆಂಚಿನ ಮೇಲೆ ಟವೆಲ್ ಹಿಂಡುತ್ತ ಕೂತಿದ್ದ.

"ಏಮಮ್ಮಾ ರಾಧಮ್ಮ, ಆಯ್ತಾ? ನಮ್ಮಣ್ಣನ ಹೆಸ್ರು ಸೇರ್ಸಿದೀಯ ತಾನೆ?"

"ಸೇರ್ಸಿದೀನಿ ಕಣಣ್ಣ, ಎಷ್ಟ್ ಸಲ ಕೇಳ್ತೀಯ!"

ಅವನು ಕೇಳದೆ ಇರುವುದಾದರೂ ಹೇಗೆ? ಅಣ್ಣ ಆವಲಪ್ಪನಿಗೂ ಅವನಿಗೂ ಹೊಲದ ಬದುವಿನ ವಿಷಯಕ್ಕೆ ಏಳು ವರ್ಷ ಮಾತಿರಲಿಲ್ಲ. ಹೋದ ವಾರವಷ್ಟೇ ಆವಲಪ್ಪ ಮನೆಗೆ ಬಂದು, "ಮಗಳನ್ನ ನಾನೇ ನಿಂತು ಧಾರೆ ಎರೆದು ಕೊಡ್ತೀನಿ" ಎಂದಿದ್ದ. ಪತ್ರಿಕೆಯಲ್ಲಿ ಅವನ ಹೆಸರು ತಪ್ಪಿದರೆ ಇನ್ನು ಈ ಜನ್ಮಕ್ಕೆ ತಮ್ಮನ ಮನೆಯ ಹೊಸ್ತಿಲು ತುಳಿಯುವವನಲ್ಲ.

ಆ ಹೊತ್ತಿಗೆ ಸರಿಯಾಗಿ ಮಹತಿ ಬಂದಳು. ಗೌರಿಬಿದನೂರಿನ ಶಾಲೆಯೊಂದರಲ್ಲಿ ಕಂಪ್ಯೂಟರ್ ಪಾಠ ಮಾಡುವ ಹುಡುಗಿ. ಮನೆ ಇದೇ ಬೀದಿಯಲ್ಲಿ. ಬಂದವಳೇ ಪರದೆಯ ಮೇಲಿನ ಸಂದೇಶ ಓದಿದಳು.

"ರಾಧಕ್ಕ, ಬೇಡದ್ದನ್ನ ಅಳಿಸ್ಬೇಕು ಅಷ್ಟೇ."

"ಬೇಡಮ್ಮ! ಸಾವಿರ ಫೋಲ್ಡರ್ ಇದಾವೆ. ಒಂದೊಂದೇ ತೆಗೆದು ನೋಡೋಷ್ಟರಲ್ಲಿ ಇವನ ಮಗಳಿಗೆ ಮಗು ಆಗಿರುತ್ತೆ."

ಮಹತಿ ನಕ್ಕಳು. "ಒಂದೊಂದೇ ಯಾಕೆ ತೆಗೀಬೇಕು? ಡಿ ಡ್ರೈವ್ ತೆಗೆದು, ಮೇಲಿರೋ ಹುಡುಕೋ ಜಾಗದಲ್ಲಿ ಇಂಗ್ಲಿಷಲ್ಲಿ ಕಾಪಿ ಅಂತ ಹೊಡಿ. ಕಾಪಿ ಮಾಡಿದ್ದಕ್ಕೆಲ್ಲ ಕಂಪ್ಯೂಟರೇ ಹೆಸ್ರಿನ ಕೊನೇಲಿ ಕಾಪಿ ಅಂತ ಸೇರ್ಸಿರುತ್ತೆ, ಎಲ್ಲಾ ಫೋಲ್ಡರಲ್ಲಿರೋವೂ ಒಟ್ಟಿಗೆ ಬರ್ತವೆ. ಆದ್ರೆ ಏನೂ ಅಳಿಸ್ಬೇಡ. ಮನೆಯಿಂದ ಹಾರ್ಡ್ ಡಿಸ್ಕ್ ತರ್ತೀನಿ. ಮೊದ್ಲು ಅದಕ್ಕೆ ಇಳಿಸ್ಕೊಳ್ಳೋಣ."

ಅವಳು ಅತ್ತ ಹೋದಳು. ಇತ್ತ ರಾಧಾಮಣಿ ಹುಡುಕಿದಳು. ಮುನ್ನೂರ ನಲವತ್ತು ಫೈಲುಗಳು ಸಾಲಾಗಿ ಬಂದು ನಿಂತವು. ಎಂಟು ವರ್ಷ ಹೆದರಿದ್ದವಳಿಗೆ ಇದ್ದಕ್ಕಿದ್ದಂತೆ ಎಲ್ಲಿಲ್ಲದ ಧೈರ್ಯ ಬಂದುಬಿಟ್ಟಿತು. ಎಲ್ಲವನ್ನೂ ಒಟ್ಟಿಗೆ ಆಯ್ದಳು, ಡಿಲೀಟ್ ಒತ್ತಿದಳು. "ನೋಡಿದ್ಯಾ ಅಣ್ಣ, ಕಸ ಎಲ್ಲ ಹೋಯ್ತು!" ಎಂದು ಬೀಗಿದಳು.

ಮಹತಿ ಹಾರ್ಡ್ ಡಿಸ್ಕ್ ಹಿಡಿದು ಬರುವ ಹೊತ್ತಿಗೆ ರಾಧಾಮಣಿ, ಅಳಿಸಿದ್ದೆಲ್ಲ ಹೋಗಿ ಬೀಳುವ ರೀಸೈಕಲ್ ಬಿನ್ ಖಾಲಿ ಮಾಡಲು ಹೊರಟಿದ್ದಳು.

"ತಡಿ ತಡಿ ಅಕ್ಕ! ಕೊಂಡಪ್ಪಣ್ಣನ ಪತ್ರಿಕೆ ಮೊದ್ಲು ತೆಗಿ."

ಕೊಂಡಪ್ಪ ಫೈನಲ್ ಎಂಬ ಹೆಸರಿನ ಫೈಲ್ ತೆರೆಯಿತು. ಕೊಂಡಪ್ಪ ಎದ್ದು ಬಂದು, ಪರದೆಯ ಮೇಲೆ ಬೆರಳಿಟ್ಟು ಓದುತ್ತ ಹೋದ. ಬೆರಳು ಕೊನೆಯ ಸಾಲಿಗೆ ಬಂದು ನಿಂತಿತು.

"ನಮ್ಮಣ್ಣ ಎಲ್ಲಮ್ಮ?"

ರಾಧಾಮಣಿಗೆ ಆಗ ನೆನಪಾಯಿತು. ಫೈನಲ್ ಆದ ಮೇಲೂ ನೆಂಟರ ಫೋನುಗಳು ನಿಂತಿರಲಿಲ್ಲ. ಎಂದಿನ ಅಭ್ಯಾಸದಂತೆ ಫೈನಲ್‌ಗೂ ಕಾಪಿ ಮಾಡಿ, ಆವಲಪ್ಪನನ್ನೂ ಇನ್ನೂ ಹದಿನಾರು ಜನರನ್ನೂ ಹಿರಿತನದ ಪ್ರಕಾರ ಅದರಲ್ಲಿ ಸೇರಿಸಿದ್ದಳು. ಆ ಕಾಪಿಯೂ ಈಗ ಕಸದ ಜೊತೆ ಹೋಗಿತ್ತು. ಹೆಸರು ಬರೆದುಕೊಂಡಿದ್ದ ಚೀಟಿಗಳನ್ನು ಆಗಲೇ ಗುಡಿಸಿ ಹಾಕಿದ್ದಳು. ಅವಳಿಗೆ ಅಳುವೇ ಬಂತು. "ಎಂಥಾ ಕೆಲ್ಸ ಮಾಡ್ಬಿಟ್ನಮ್ಮ!"

"ಬಿನ್ ಖಾಲಿ ಮಾಡಿಲ್ಲ ತಾನೆ? ಹಂಗಾದ್ರೆ ಏನೂ ಹೋಗಿಲ್ಲ" ಎಂದು ಮಹತಿ ಬಿನ್ ತೆರೆದು, ಅಳಿಸಿದ್ದ ಫೈಲುಗಳನ್ನೆಲ್ಲ ಆಯ್ದು, ರಿಸ್ಟೋರ್ ಒತ್ತಿದಳು. ಮುನ್ನೂರ ನಲವತ್ತೂ ತಮ್ಮ ತಮ್ಮ ಫೋಲ್ಡರಿಗೆ ವಾಪಸ್ಸು ಹೋಗಿ ಕೂತವು. ಫೈನಲ್‌ನ ಕಾಪಿ ತೆರೆದರೆ, ಸುಖಾಗಮನ ಬಯಸುವವರ ಮೊದಲ ಸಾಲಿನಲ್ಲೇ ಆವಲಪ್ಪ.

"ಇದಾನೆ ಕಣಮ್ಮ" ಎಂದ ಕೊಂಡಪ್ಪ. ಟವೆಲಿನಿಂದ ಮುಖ ಒರೆಸಿಕೊಳ್ಳುವವನಂತೆ ಕಣ್ಣೊರೆಸಿಕೊಂಡ.

ಆಮೇಲೆ ಕೆಲಸ ಸಾವಧಾನವಾಗಿ ನಡೆಯಿತು. ಲಗ್ನಪತ್ರಿಕೆಗಳನ್ನೆಲ್ಲ ಹಾರ್ಡ್ ಡಿಸ್ಕಿಗೆ ಇಳಿಸಿ, ಅಲ್ಲಿ ತೆರೆಯುತ್ತವೆಯೇ ಎಂದು ನೋಡಿದರು. ಬಳಿಕ ಸ್ಕ್ಯಾನ್ ಮಾಡಿದ ಚಿತ್ರಗಳನ್ನು ಹುಡುಕಿದರು. ಕೊಂಡಪ್ಪನ ಹೆಂಡತಿಯ ಆಧಾರ್ ನಾಲ್ಕು ಕಡೆ ಸಿಕ್ಕಿತು.

"ನಮ್ಮನೆಯವಳ ಕಾರ್ಡ್ ಇಲ್ಯಾಕಮ್ಮ ಬಿದ್ದಿದೆ?" ಎಂದ ಕೊಂಡಪ್ಪ.

"ರೇಷನ್ ಕಾರ್ಡ್ ಅರ್ಜಿಗೆ ತಗೊಂಡಿದ್ದೆ ಅಣ್ಣ. ಆಮೇಲೆ ಅಳಿಸ್ಲಿಲ್ಲ" ಎಂದಳು ರಾಧಾಮಣಿ. ಅವಳಿಗೆ ನಿಜವಾಗಿ ನಾಚಿಕೆಯಾಯಿತು.

ಕೆಲಸ ಮುಗಿದವರ ಚಿತ್ರಗಳನ್ನು ಒಂದೊಂದಾಗಿ ನೋಡಿ ಅಳಿಸಿದರು. ಬಿನ್ನಿನಲ್ಲಿ ಇನ್ನೊಮ್ಮೆ ಕಣ್ಣಾಡಿಸಿ, ಬೇಕಾದದ್ದು ಏನೂ ಇಲ್ಲವೆಂದು ಖಾತ್ರಿಯಾದ ಮೇಲೆ ಖಾಲಿ ಮಾಡಿದರು. ಜಾಗವಾಯಿತು. ಮೂರೂವರೆಗೆಲ್ಲ ಪತ್ರಿಕೆ ಚಿಂತಾಮಣಿಯ ಪ್ರೆಸ್ಸು ಸೇರಿತು.

"ಇನ್ಮೇಲೆ ತಿಂಗಳಿಗೊಂದ್ ಸಲ ಹಿಂಗೇ ಮಾಡ್ತೀನಿ ಕಣೇ" ಎಂದಳು ರಾಧಾಮಣಿ. "ಈ ಕಾಪಿ, ಫೈನಲ್ಲು ಬಿಟ್ಟು ಹೆಸ್ರು, ತಾರೀಖು ಹಾಕಿ ಇಡ್ತೀನಿ."

ಓದುಗರೇ, ನಿಮ್ಮ ಕಂಪ್ಯೂಟರಿನಲ್ಲೂ ಇಂಥ ಫೈಲುಗಳು ಮೂಲೆಮೂಲೆಯಲ್ಲಿ ಬಿದ್ದಿರುತ್ತವೆ. ಬಿಡುವು ಮಾಡಿಕೊಂಡು ಕೂತುಕೊಳ್ಳಿ. ಮುಖ್ಯವಾದದ್ದನ್ನು ಮೊದಲು ಬೇರೆ ಕಡೆ ಇಳಿಸಿಕೊಳ್ಳಿ. ಹೆಸರು ನೋಡಿ ಅಳಿಸಬೇಡಿ, ತೆರೆದು ನೋಡಿ ಅಳಿಸಿ. ಸಿ ಡ್ರೈವಿನಲ್ಲಿರುವ ವಿಂಡೋಸ್ ಫೋಲ್ಡರಿಗೆ ಕೈ ಹಾಕಬೇಡಿ. ಪೆನ್ ಡ್ರೈವಿನಿಂದ ಅಳಿಸಿದ್ದು ಸಾಮಾನ್ಯವಾಗಿ ಬಿನ್ನಿಗೆ ಬರುವುದಿಲ್ಲ, ಅಲ್ಲಿ ಇನ್ನೂ ಹುಷಾರಾಗಿರಿ. ನಿಮಗೆ ಸಂಶಯವಿದ್ದರೆ ತಿಳಿದವರನ್ನು ಕೂರಿಸಿಕೊಳ್ಳಿ, ಕೇಳುವುದರಲ್ಲಿ ಅವಮಾನವೇನಿಲ್ಲ. ಇನ್ನು ಬೇರೆಯವರ ದಾಖಲೆ ನಿಮ್ಮ ಹತ್ತಿರ ಇದ್ದರೆ, ಕೆಲಸ ಮುಗಿದ ದಿನವೇ ಅಳಿಸಿಬಿಡಿ. ಅವರು ಅದನ್ನು ಕೊಟ್ಟದ್ದು ಕಂಪ್ಯೂಟರನ್ನು ನಂಬಿ ಅಲ್ಲ, ನಿಮ್ಮನ್ನು ನಂಬಿ.