ಕಿತ್ತುಹಾಕಿದ ಗೊಬ್ಬರದ ಗಿಡ

ಹಿರಿಯೂರಿನ ರಾಮಚಂದ್ರಪ್ಪನವರು ವಿಶಾಖಪಟ್ಟಣದ ದ್ವಾರಕಾ ನಗರದ ಬ್ಯಾಂಕೊಂದರಲ್ಲಿ ಮ್ಯಾನೇಜರಾಗಿ ನಿವೃತ್ತರಾದರು. ಊರ ಹೊರಗೆ, ಆನಂದಪುರಂ ಹತ್ತಿರ, ಇಳಿಜಾರಿನ ಕೆಮ್ಮಣ್ಣಿನ ಒಂದೆಕರೆ ಮಾವಿನ ತೋಟ ಕೊಂಡರು. ಮಾರಿದ ನರಸಿಂಹಮೂರ್ತಿ ವಯಸ್ಸಾಯಿತೆಂದು ವಿಜಯವಾಡಕ್ಕೆ, ಮಗಳ ಮನೆಗೆ ಹೊರಟಿದ್ದರು. ಹೋಗುವಾಗ ಅವರು ಕೇಳಿಕೊಂಡದ್ದು ಒಂದೇ: ಬದುವಿನ ಮೇಲಿನ ಗ್ಲಿರಿಸಿಡಿಯಾ ಗಿಡಗಳನ್ನು ಕೀಳಬೇಡಿ.

ರಾಮಚಂದ್ರಪ್ಪ ಆಗಲೆಂದರು. ಆದರೆ ಅವರ ಕಣ್ಣಿಗೆ ಅದು ಬರೀ ಕಾಡು. ತಿನ್ನೋ ಹಣ್ಣಿಲ್ಲ, ಮೇಲೆ ಹಾವಿನ ಭಯ.

ಹೆಂಡತಿ ಅನಸೂಯಾ ಒಪ್ಪಲಿಲ್ಲ. "ನಮ್ಮ ಕಡೆ ಇದಕ್ಕೆ ಗೊಬ್ಬರದ ಗಿಡ ಅಂತಾರಲ್ರೀ. ನಮ್ಮಪ್ಪ ಇದರ ಸೊಪ್ಪನ್ನೇ ತೆಂಗಿನ ಬುಡಕ್ಕೆ ಹಾಕ್ತಿದ್ರು. ಜಾಸ್ತಿ ಬೆಳೆದಿದ್ರೆ ಸವರಿಸಿ, ಕೀಳಿಸ್ಬೇಡಿ."

"ಗೊಬ್ಬರ ಅಂಗಡೀಲಿ ಸಿಗುತ್ತೆ ಬಿಡೇ," ಅಂದರು ರಾಮಚಂದ್ರಪ್ಪ.

ಮರುವಾರ ಜೆಸಿಬಿ ಬಂತು. ಬದು ಬೋಳಾಯಿತು.

ಆ ಅಕ್ಟೋಬರಿನಲ್ಲಿ ವಾಯುಭಾರ ಕುಸಿದು ಎರಡು ದಿನ ಮಳೆ ಹೊಡೆಯಿತು. ಮೂರನೆಯ ದಿನ ಗಂಡ ಹೆಂಡತಿ ಹೋಗಿ ನೋಡಿದರೆ ಬದು ಮೂರು ಕಡೆ ಒಡೆದಿತ್ತು. ಮೇಲ್ಮಣ್ಣೆಲ್ಲ ಕೆಳಗಿನ ಹಳ್ಳ ಸೇರಿತ್ತು. ಹನ್ನೊಂದು ಎಳೆ ಮಾವಿನ ಗಿಡಗಳು ಬೇರು ಮೇಲಾಗಿ ಬಿದ್ದಿದ್ದವು. ಅನಸೂಯಾ ಬಿದ್ದ ಗಿಡಗಳನ್ನು ಒಂದೊಂದಾಗಿ ಎತ್ತಿ ಬದಿಗಿಟ್ಟರು. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ರಾಮಚಂದ್ರಪ್ಪನವರಿಗೆ.

ರಾಮಚಂದ್ರಪ್ಪ ರೈಲು ಹತ್ತಿ ವಿಜಯವಾಡಕ್ಕೆ ಹೋದರು. ನರಸಿಂಹಮೂರ್ತಿ ಕೂರಿಸಿ ಕಾಫಿ ಕೊಟ್ಟರು. ಎಲ್ಲ ಕೇಳಿಸಿಕೊಂಡು, ಪೂರ್ವದ ಮೂಲೆಯ ಗಿಡ ಹೇಗಿದೆ ಎಂದರು. ಅದು ಅವರ ತೀರಿಕೊಂಡ ಹೆಂಡತಿ ಕೊನೆಯದಾಗಿ ನೆಟ್ಟ ಗಿಡವಂತೆ.

ಅದೂ ಹೋಗಿತ್ತು. ರಾಮಚಂದ್ರಪ್ಪ ಲೋಟ ಕೆಳಗಿಟ್ಟು ಕೈ ಮುಗಿದರು. ಮುದುಕರು ಅರ್ಥ ಮಾಡಿಕೊಂಡರು.

"ಆ ಮಣ್ಣು ಕಟ್ಟೋಕೆ ನನಗೆ ಹದಿನೈದು ವರ್ಷ ಹಿಡೀತು, ಮ್ಯಾನೇಜರ್ ಗಾರು," ಎಂದರು ತೆಲುಗಿನಲ್ಲಿ. "ತಡ ಮಾಡದೆ ಮತ್ತೆ ಶುರು ಮಾಡಿ."

ಆಮೇಲೆ ಸಮಾಧಾನವಾಗಿ ಎಲ್ಲ ವಿವರಿಸಿದರು. ಈ ಗಿಡದ ಬೇರಿನ ಗಂಟುಗಳು ಗಾಳಿಯ ಸಾರಜನಕವನ್ನು ಹಿಡಿದಿಡುತ್ತವೆ. ಬೇರು ಬದುವನ್ನು ಬಿಗಿದು ನಿಲ್ಲಿಸುತ್ತದೆ. ಮೆದುವಾದ ಸೊಪ್ಪು ಮಾವಿನ ಪಾತಿಯಲ್ಲಿ ಬೇಗ ಕೊಳೆತು ಗೊಬ್ಬರವಾಗುತ್ತದೆ. ಬಲಿತ ಕೊಂಬೆಯನ್ನು ಮೂರಡಿ ಉದ್ದ ಕತ್ತರಿಸಿ, ಮಳೆಗಾಲದ ಶುರುವಿನಲ್ಲಿ ನೆಟ್ಟರೆ ಸಾಕು, ಚಿಗುರುತ್ತದೆ. ಒಂದು ವರ್ಷ ಮುಟ್ಟಬಾರದು. ಆಮೇಲೆ ವರ್ಷಕ್ಕೆ ಎರಡು ಮೂರು ಸಲ ಸವರಬಹುದು. ಬೀಜ, ತೊಗಟೆ ಮಾತ್ರ ವಿಷ, ಮಕ್ಕಳ ಕೈಗೆ ಸಿಗಬಾರದು.

ಮುಂದಿನ ಮುಂಗಾರಿಗೆ ಗಂಡ ಹೆಂಡತಿ ಸೇರಿ ಬದುವಿನುದ್ದಕ್ಕೂ ಕೊಂಬೆ ನೆಟ್ಟರು. ಈಗ ಅವು ಆಳೆತ್ತರ ಬೆಳೆದಿವೆ. ಈ ಸಲದ ಸೊಪ್ಪು ಪಾತಿಗೆ ಬಿದ್ದಿದೆ. ಆದರೂ ಮೊದಲಿನಂಥ ಮಣ್ಣು ಆಗುವಷ್ಟರಲ್ಲಿ ರಾಮಚಂದ್ರಪ್ಪನವರಿಗೆ ಎಂಬತ್ತು ಹತ್ತಿರವಾಗಿರುತ್ತದೆ. ಗಿಡಗಳು ಮತ್ತೆ ಬಂದದ್ದನ್ನು ಹೇಳಬೇಕೆಂದು ನರಸಿಂಹಮೂರ್ತಿಗೆ ಫೋನ್ ಮಾಡಿದರೆ ಅವರ ಮಗಳು ಎತ್ತಿಕೊಂಡಳು. ತಂದೆ ತೀರಿಕೊಂಡು ತಿಂಗಳಾಗಿತ್ತು.

ನಿಮ್ಮ ಬದುವಿನ ಮೇಲೆ ಗೊಬ್ಬರದ ಗಿಡ ಇದೆಯೇ? ಸವರಿಕೊಳ್ಳಿ, ಬುಡ ಮಾತ್ರ ಕೀಳಬೇಡಿ. ಇಲ್ಲವೇ? ಪಕ್ಕದವರ ಹತ್ತಿರ ನಾಲ್ಕು ಕೊಂಬೆ ಕೇಳಿ ತನ್ನಿ, ಈ ಮುಂಗಾರಿಗೇ ನೆಡಿ.