ರಕ್ತ ಹೀರದ ಎಲುಬು

ಆ ವರ್ಷ ಸತ್ತವನೊಬ್ಬನನ್ನು ಮನೆಗೆ ಒಯ್ಯಲು ಏನೇನು ಬೇಕಾಗುತ್ತಿತ್ತು ಎಂದರೆ, ಗುಂಡಿ ಕಾಯುವ ಸಿಪಾಯಿಗೆ ಒಂದು ಕಟ್ಟು ಹೊಗೆಸೊಪ್ಪು, ಅಗೆಯುವವನಿಗೆ ಒಂದು ಸೇರು ಅಕ್ಕಿ, ಎಲುಬು ತುಂಬುವ ಜಾಡಿಗೆ ನನಗೆ ನಾಲ್ಕು ಮೊಟ್ಟೆ. ಮುಚ್ಚಳವೂ ಬೇಕೆಂದರೆ ಐದು. ನೋಟನ್ನು ಯಾರೂ ಮುಟ್ಟುತ್ತಿರಲಿಲ್ಲ. ಬೆಳಗ್ಗೆ ಅಕ್ಕಿ ಕೊಡಿಸುತ್ತಿದ್ದ ನೋಟು ಸಂಜೆಗೆ ಉಪ್ಪನ್ನೂ ಕೊಡಿಸುತ್ತಿರಲಿಲ್ಲ.

ಅದಕ್ಕೂ ಎರಡು ವರ್ಷದ ಹಿಂದೆ ಚೆಂಗ್ಡು ಬಯಲಿನಲ್ಲಿ ವಿಮಾನ ಇಳಿಯುವ ನೆಲ ಮಾಡಲು ಊರಿಗಿಷ್ಟು ಎಂದು ಗಂಡಸರನ್ನು ಹಿಡಿದು ತಂದಿದ್ದರು. ಇನ್ನೂರು ಜನ ಹಗ್ಗ ಕಟ್ಟಿ ಒಂದೊಂದು ಕಲ್ಲಿನ ಉರುಳೆ ಎಳೆಯುತ್ತಿದ್ದರು. ವಾಂತಿಭೇದಿಗೆ ಸತ್ತವರನ್ನು ಊರಿಗೊಂದು ಗುಂಡಿ ತೋಡಿ ಹಾಕಿದರು. ಈಗ ಜಪಾನಿನವರ ಮೇಲೆ ಬಾಂಬು ಹಾಕಲು ಹೋಗುವ ದೊಡ್ಡ ವಿಮಾನಗಳಿಗೆ ಆ ನೆಲ ಸಾಲದು, ಗುಂಡಿಗಳ ಮೇಲೂ ಕಲ್ಲು ಹಾಸುತ್ತೇವೆ, ಮೂರು ದಿನದೊಳಗೆ ನಿಮ್ಮವರನ್ನು ಒಯ್ಯಿರಿ ಎಂದು ಸಾರಿದ್ದರು.

ಮೌ ಮನೆತನದ ಮುದುಕಿ ಎರಡನೆಯ ದಿನ ಬಂದಳು, ಮಗ ತಿಂಗ್‌ಫಾನನ್ನು ಒಯ್ಯಲು. ಹತ್ತು ಹೆಜ್ಜೆ ಹಿಂದೆ ಸೊಸೆ ಗುಯಿಲಿಯನ್. ಗುಂಡಿಯಿಂದ ತೆಗೆದು ಒಬ್ಬೊಬ್ಬರದನ್ನೇ ಬೇರೆ ಇಟ್ಟಿದ್ದ ಎಲುಬುಗಳಲ್ಲಿ ಮುದುಕಿ ಒಂದು ಮುಂಗೈ ಎಲುಬನ್ನು ಎತ್ತಿದಳು.

"ಇವ್ನೇ. ಏಳು ವರ್ಷದವನಿದ್ದಾಗ ಹಿಪ್ಪುನೇರಳೆ ಮರದಿಂದ ಬಿದ್ದಿದ್ದ. ಸೊಟ್ಟಗೆ ಕೂಡಿಕೊಂಡಿತ್ತು."

ಸೊಸೆ ಬಟ್ಟೆ ಹಾಸಲು ಬಗ್ಗಿದಳು. ಮುದುಕಿ ಅವಳ ಕೈ ತಳ್ಳಿದಳು.

"ಮುಟ್ಬೇಡ. ಉಪ್ಪು ಹೊರೋನು ಎರಡು ರಾತ್ರಿ ನಿನ್ನ ಕೊಟ್ಟಿಗೇಲಿ ಮಲಗಿದ್ದ."

"ಬಾಂಬು ಬೀಳ್ತಿತ್ತು ಅತ್ತೆ. ಕತ್ತೆಗಳೂ ಅಲ್ಲೇ ಮಲಗಿದ್ವು."

"ಬಾಯಿ ಮಾತು ಬೇಡ. ಹಳೇ ಕಥೇಲಿ ರಾಜನ ಮಹಾಗೋಡೆ ಕಟ್ಟೋಕೆ ಹೋಗಿ ಸತ್ತ ಗಂಡನ್ನ ಹುಡುಕ್ಕೊಂಡು ಹೋದವಳು ಅತ್ತಿದ್ದಕ್ಕೆ ಗೋಡೆನೇ ಕುಸೀತು. ಅಷ್ಟು ರಾಶಿ ಎಲುಬಲ್ಲಿ ಅವಳ ರಕ್ತ ಗಂಡನ ಎಲುಬಿಗೆ ಮಾತ್ರ ಇಳೀತು. ನೀನೂ ರಕ್ತ ಹಾಕು. ಇಳೀದಿದ್ರೆ ಇಲ್ಲಿಂದಲೇ ತೌರಿಗೆ ನಡಿ."

"ಗೋಡೆ ಕೆಡವೋಕೆ ನನ್ನಲ್ಲಿ ಕಣ್ಣೀರೆಲ್ಲಿ ಬಿಟ್ಟಿದ್ದೀರಿ? ಎಲ್ಲ ನಿಮ್ಮ ಬಾಯಿಗೇ ಖರ್ಚಾಯ್ತು."

ನಾನು ಕುಂಬಾರಗಿತ್ತಿ. ನೀರು ಕುಡಿದು ತುಂಬಿದ ಮಡಕೆ ಮತ್ತೆ ಹನಿ ಹೀರುವುದಿಲ್ಲ. ಎರಡು ವರ್ಷ ಜೌಗು ಮಣ್ಣಿನಲ್ಲಿದ್ದ ಎಲುಬೂ ಹಾಗೆಯೇ. ಆಗಲೇ ಹೇಳಬೇಕಿತ್ತು. ಬೇರೆಯವರ ಮನೆ ಜಗಳ, ಮೊಟ್ಟೆ ಇನ್ನೂ ಕೈಗೆ ಬಂದಿಲ್ಲ ಎಂದು ಸುಮ್ಮನಿದ್ದೆ.

ಗುಯಿಲಿಯನ್ ಸೂಜಿಯಿಂದ ಬೆರಳು ಚುಚ್ಚಿ ಹಿಂಡಿದಳು. ರಕ್ತ ಎಲುಬಿನ ಮೇಲೆ ಜಾರಿ ನೆಲಕ್ಕೆ ಬಿತ್ತು. ಮುದುಕಿ ತಮ್ಮವರನ್ನು ಒಯ್ಯಲು ಸಾಲಿನಲ್ಲಿ ನಿಂತವರ ಕಡೆ ತಿರುಗಿದಳು. "ಎಲ್ರೂ ನೋಡಿದ್ರಲ್ಲ."

ಸೊಸೆ ಸೂಜಿಯನ್ನು ಅಂಗಿಯ ತುದಿಯಿಂದ ಒರೆಸಿ ಚಾಚಿದಳು. "ಈಗ ನೀವು."

ಅಷ್ಟು ಜನರೆದುರು ಮುದುಕಿ ಒಲ್ಲೆನೆನ್ನುವಂತಿರಲಿಲ್ಲ. ಹೆಬ್ಬೆರಳು ಚುಚ್ಚಿದಳು. ಅವಳ ರಕ್ತವೂ ಜಾರಿತು.

ಬುಟ್ಟಿ ಹೊತ್ತಿದ್ದವನೊಬ್ಬ ನಕ್ಕ. "ಹಾಗಾದ್ರೆ ಹುಡುಗ ಯಾರ ಹೊಟ್ಟೇದು, ಅಜ್ಜಿ?"

ಆಗ ನಾನು ಬಾಯಿ ಬಿಟ್ಟೆ. "ಎಲುಬು ಒದ್ದೆ ಇದೆ ತಾಯಿ. ಒಂದಿನ ಬಿಸಿಲಿಗಿಡಿ, ನಾಯಿ ರಕ್ತಾನೂ ಕುಡಿಯುತ್ತೆ."

ಸಮಾಧಾನಕ್ಕೆ ಹೇಳಿದ್ದು. ಆದರೆ ಅದನ್ನು ಒಪ್ಪಿದರೆ ಸೊಸೆಯ ಮೇಲೆ ಹೊರಿಸಿದ್ದೂ ಸುಳ್ಳಾಗುತ್ತಿತ್ತು. ಮುದುಕಿಯ ಮುಖ ಕಪ್ಪಿಟ್ಟಿತು. "ಮಡಕೆ ಮಾರೋಳು ಮಡಕೆ ಮಾರು." ಎಲುಬಿನ ಸೊಟ್ಟ ಜಾಗವನ್ನು ಅಂಗಿಯ ತೋಳಿನಿಂದ ಒರೆಸಿ ಕೆಳಗಿಟ್ಟಳು. "ಇವನು ನನ್ನ ಮಗ ಅಲ್ಲ. ನನ್ನ ಮಗ ಸತ್ತಿಲ್ಲ. ಎಲ್ಲೋ ತಪ್ಪಿಸ್ಕೊಂಡು ಹೋಗಿದ್ದಾನೆ."

"ಕೈ ಅವ್ರದ್ದೇ ಅತ್ತೆ. ನಿಮಗೂ ಗೊತ್ತು."

"ಗೊತ್ತಿದ್ರೆ ನೀನೇ ಹೊತ್ಕೊ. ಅದು ನನ್ನ ಹೊಸ್ತಿಲು ದಾಟಲ್ಲ. ನೀನೂ ದಾಟಲ್ಲ."

ಮುದುಕಿ ತಿರುಗಿ ನೋಡದೆ ಹೋದಳು. ಗುಯಿಲಿಯನ್ ಒಂದೊಂದೇ ಎಲುಬನ್ನು ಒರೆಸಿ, ಕಾಲಿನದು ಕೆಳಗೆ, ತಲೆಯದು ಮೇಲೆ ಬರುವಂತೆ ಜಾಡಿಗೆ ತುಂಬಿದಳು. ತೌರಿಗೆ ಹೊತ್ತು ಹೋಗಿ ಅಣ್ಣನ ಹೊಲದ ಬದುವಿನಲ್ಲಿ ಹೂಳಿದಳು. ಅಣ್ಣನ ಹೆಂಡತಿ ಆ ದಿನದಿಂದ ಅವಳ ಗಂಜಿಗೆ ನೀರು ಹೆಚ್ಚು ಹಾಕತೊಡಗಿದಳು.

ನಾನು ಮಡಕೆ ಹೊತ್ತು ಮೌ ಮನೆಯ ಕಡೆ ಹೋಗುತ್ತಿರುತ್ತೇನೆ. ಮುದುಕಿ ಇನ್ನೂ ಮಗನಿಗೆ ಊಟದ ಬಟ್ಟಲು ಇಡುತ್ತಾಳೆ. ಉಣ್ಣುವ ಕಡ್ಡಿಗಳನ್ನು ಸತ್ತವರಿಗೆ ಸಿಗಿಸುವಂತೆ ಅನ್ನದಲ್ಲಿ ನೆಟ್ಟಗೆ ಸಿಗಿಸುವುದಿಲ್ಲ, ಬದುಕಿರುವವರಿಗೆ ಇಡುವಂತೆ ಬಟ್ಟಲಿನ ಪಕ್ಕದಲ್ಲಿ ಮಲಗಿಸುತ್ತಾಳೆ.

ತಿಂಗ್‌ಫಾನಿಗೆ ಮಣ್ಣು ಸಿಕ್ಕಿತು, ತನ್ನವರ ಮಣ್ಣು ಸಿಗಲಿಲ್ಲ. ಗುಯಿಲಿಯನ್ ಮನೆ ಕಳೆದುಕೊಂಡಳು. ಮುದುಕಿ ಸೊಸೆಯನ್ನು ಕಳೆದುಕೊಂಡಳು, ಕೂತು ಅಳಲು ಒಂದು ಗೋರಿಯೂ ಅವಳಿಗಿಲ್ಲ.